ಮುತ್ಯಾ ಲಾತೂರಿಗೆ ಹೋಗಿದ್ದಾನೆ

ಮುಡಬಿ
10 ಜುಲೈ 2024

ಸೋನಾಲಿ ಅವರಿಗೆ,

ಅಪ್ಪ ತೀರಿಕೊಂಡ. ಜೂನ್ ಹತ್ತೊಂಬತ್ತರಂದು, ಬಸವಕಲ್ಯಾಣದ ಆಸ್ಪತ್ರೆಯಲ್ಲಿ. ಮುಡಬಿಗೆ ತಂದು ನಮ್ಮ ಹೊಲದಲ್ಲೇ ಮಣ್ಣು ಮಾಡಿದೆವು.

ಮೂರು ವಾರ ತಡವಾಗಿ ತಿಳಿಸುತ್ತಿದ್ದೇನೆ. ನಿಜ ಹೇಳಬೇಕೆಂದರೆ ತಿಳಿಸಬಾರದು ಎಂದೇ ಇದ್ದೆ. ಆದರೆ ಅವ್ವ ಬೆಳಗಾದರೆ ಸಾಕು, "ಸೋನಾಲಿಗಿ ಹೇಳ್ದೇನು? ಕೂಸಿಗಿ ಗೊತ್ತಾಯ್ತೇನು?" ಎಂದು ಕೇಳುತ್ತಾಳೆ. "ಹೇಳೇನಿ" ಎಂದು ಎರಡು ಸಲ ಸುಳ್ಳಾಡಿದೆ. ಮತ್ತೊಮ್ಮೆ ಆಡಲು ನಾಲಿಗೆ ಏಳಲಿಲ್ಲ.

ಕಾಗದ ಯಾಕೆ ಬರೆಯುತ್ತಿದ್ದೇನೆಂದು ನಿಮಗೇ ಗೊತ್ತು. ನೀವು ನಮ್ಮ ಜಗಳದ ರೆಕಾರ್ಡಿಂಗನ್ನು ಕೋರ್ಟಿನಲ್ಲಿ ಹಾಕಿ ಎಲ್ಲರಿಗೂ ಕೇಳಿಸಿದ ದಿನದಿಂದ ನಾನು ನಿಮಗೆ ಫೋನ್ ಮಾಡಿಲ್ಲ. ನೀವು ನನ್ನ ನಂಬರನ್ನು ಬ್ಲಾಕ್ ಮಾಡಿದ್ದೀರಿ. ಮೂರು ವರ್ಷದಿಂದ ನಮ್ಮಿಬ್ಬರ ನಡುವೆ ಓಡಾಡಿಕೊಂಡಿದ್ದವನು ಅಪ್ಪ ಒಬ್ಬನೇ.

ಮೊದಲ ಮಳೆ ಬಿದ್ದ ವಾರ ಕುರಿಗಳ ಜೊತೆ ಹೊಲದಲ್ಲೇ ಮಲಗಿದ್ದ. ಕಂಬಳಿ ತೊಯ್ದರೂ ಮನೆಗೆ ಬರಲಿಲ್ಲ. ಕುರಿಯೊಂದು ಈಯುತ್ತಿತ್ತು, ಅದನ್ನು ಬಿಟ್ಟು ಹ್ಯಾಂಗ ಬರಲಿ ಎಂದ. ಮರುದಿನ ಜ್ವರ ಬಂತು. ಗುಳಿಗೆ ಕೊಟ್ಟು ನಾಲ್ಕು ದಿನ ಮನೆಯಲ್ಲೇ ಇಟ್ಟುಕೊಂಡೆವು. ಬಸವಕಲ್ಯಾಣಕ್ಕೆ ಒಯ್ದಾಗ ನ್ಯುಮೋನಿಯಾ ಎದೆ ತುಂಬಿದೆ ಎಂದರು. ಕೊನೆಯ ಎರಡು ದಿನ "ಕೂಸ ಬಂತೇನು" ಎಂದು ಸಾಕ್ಷಿಯನ್ನೇ ಕೇಳುತ್ತಿದ್ದ.

ಅವನನ್ನು ಹುಮನಾಬಾದಿಗೆ ಬರಬೇಡ ಎಂದವರು ನೀವು. ನಡುಬೀದಿಯಲ್ಲಿ, ನಾಲ್ಕು ಜನರ ಮುಂದೆ ಅಂದಿರಂತೆ. ಅಲ್ಲಿಂದ ಬಂದ ಮೇಲೆ ಅವನು ಸರಿಯಾಗಿ ಉಣ್ಣಲಿಲ್ಲ, ಯಾರ ಜೊತೆಗೂ ಮಾತಾಡಲಿಲ್ಲ. ಇಷ್ಟು ನಿಮಗೆ ಗೊತ್ತಿರಲಿ ಎಂದು ಬರೆದಿದ್ದೇನೆ.

ಸಂಜುಕುಮಾರ


ಹುಮನಾಬಾದ್
15 ಜುಲೈ 2024

ಸಾಕ್ಷಿಯ ಅಪ್ಪನಿಗೆ,

ನಿಮ್ಮ ಕಾಗದ ಶನಿವಾರ ಬಂತು. ಶಿಫ್ಟಿಗೆ ಹೊರಟಿದ್ದವಳು ಹಾಗೇ ಚೀಲಕ್ಕೆ ಹಾಕಿಕೊಂಡು ಹೋದೆ. ಫ್ಯಾಕ್ಟರಿಯಲ್ಲಿ ಚಹಾದ ಹೊತ್ತಿಗೆ ಓದಿದೆ. ಆಮೇಲೆ ಪ್ಯಾಕಿಂಗ್ ಬೆಲ್ಟಿನ ಮುಂದೆ ನಿಂತರೆ ಕೈ ತಾನಾಗಿ ಗುಳಿಗೆಯ ಡಬ್ಬಿ ಮುಚ್ಚುತ್ತಿತ್ತು, ಯಾವ ಡಬ್ಬಿಗೆ ಏನು ಹಾಕಿದೆನೋ ನೆನಪಿಲ್ಲ. ಮೇಲಿನವರು ಬೈದು, ಸುಮ್ಮನೆ ಹೋಗಿ ಕೂತುಕೋ ಎಂದರು.

ನೀವು ಬರೆದದ್ದು ನಿಜ. ನಾನು ಹಾಗೆ ಅಂದೆ. ಆದರೆ ಆ ದಿನ ಏನಾಯಿತೆಂದು ನಿಮಗೂ ಗೊತ್ತಿರಬೇಕು.

ಪ್ರತಿ ಶನಿವಾರ ಮಾವನವರು ಶಾಲೆ ಬಿಡುವ ಮುಂಚೆಯೇ ಬಂದು ಗೇಟಿನ ಹತ್ತಿರ, ಪೇರಲ ಹಣ್ಣು ಮಾರುವ ಗಯಾಸುದ್ದೀನ್ ಚಾಚಾನ ಬಂಡಿಯ ಪಕ್ಕ ಕೂತಿರುತ್ತಿದ್ದರು. ಸಾಕ್ಷಿಯನ್ನು ಮನೆಗೆ ಕರೆತಂದು, ನಮ್ಮ ಮನೆ ಮಾಲಕಿ ಕೇಶರಬಾಯಿಯವರ ಕೈಗೆ ಒಪ್ಪಿಸಿ, ನಾನು ಶಿಫ್ಟ್ ಮುಗಿಸಿ ಬರುವವರೆಗೂ ಇದ್ದು ಹೋಗುತ್ತಿದ್ದರು. ದಾರಿಯಲ್ಲಿ ಅವಳಿಗೆ ನಾಯಿಗಳ ಹೆದರಿಕೆ. ತಮ್ಮ ಕೋಲಿನಂಥದ್ದೇ ಒಂದು ಚಿಕ್ಕ ಕೋಲು ಕಡಿದು ತಂದುಕೊಟ್ಟು, ನಾಯಿ ಬಂದರೆ ಹೇಗೆ ನೆಲಕ್ಕೆ ಕುಟ್ಟಬೇಕೆಂದು ಕಲಿಸಿದ್ದರು. ಈಗ ಉಳಿದ ದಿನಗಳಲ್ಲೂ ಅವಳಿಗೆ ಭಯವಿಲ್ಲ.

ಜೂನ್ ಎಂಟರಂದು ನಾನು ಮನೆಗೆ ಬಂದರೆ ಇಬ್ಬರೂ ಇಲ್ಲ. ಶಾಲೆಗೆ ಓಡಿದೆ, ಬೀಗ. ಬಸ್ ಸ್ಟ್ಯಾಂಡಿಗೆ ಹೋದೆ. ದವಾಖಾನೆಗೂ ಹೋಗಿ ಬಂದೆ. ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಕೇಶರಬಾಯಿ ಫೋನ್ ಮಾಡಿ, ಇಬ್ಬರೂ ಬಸ್ಸಿಳಿದದ್ದನ್ನು ಯಾರೋ ನೋಡಿದರಂತೆ ಎಂದರು. ಓಡಿ ಬಂದರೆ ಓಣಿಯ ಬಾಯಲ್ಲಿ ಇಬ್ಬರೂ ನಗುತ್ತಾ ಬರುತ್ತಿದ್ದಾರೆ. ಮುಡಬಿಗೆ ಹೋಗಿ ಬಂದೆವು ಎಂದರು. ಇಡೀ ಮಧ್ಯಾಹ್ನ ನನ್ನೊಳಗೆ ಕೂತಿದ್ದ ಹೆದರಿಕೆಯೆಲ್ಲ ಬಾಯಿಂದ ಬಂತು. "ಮಗ ಸಾಲದಂತ ನೀವೂ ನನ್ನ ಸಾಯ್ಸಾಕ ನಿಂತೀರೇನು? ಇನ್ನ ಮ್ಯಾಲೆ ಈ ಕಡಿ ಬರಬ್ಯಾಡ್ರಿ" ಎಂದೆ. ಅವರು, "ತಪ್ಪಾಯ್ತವ್ವ, ಫೋನ್ ಮಾಡ್ಸಬೇಕಾಗಿತ್ತು" ಎಂದರು. ನಾನು ಸಾಕ್ಷಿಯ ಕೈ ಎಳೆದುಕೊಂಡು ಒಳಗೆ ಹೋದೆ.

ಮುಂದಿನ ಶನಿವಾರ ಅವರು ಬರದಿದ್ದಾಗ, ಒಳ್ಳೆಯದೇ ಆಯಿತು ಎನಿಸಿತು. ಅದರ ಮುಂದಿನ ವಾರ ಕಳವಳವಾಯಿತು. ಮೂರನೆಯ ಶನಿವಾರ ನಾನೇ ರಜೆ ಹಾಕಿ ಗೇಟಿನ ಹತ್ತಿರ ನಿಂತೆ. ಬಂದರೆ ಕಾಲು ಮುಟ್ಟೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ಅವರು ಮಣ್ಣಿಗೆ ಹೋಗಿ ಹತ್ತು ದಿನವಾಗಿತ್ತು.

ಸಾಕ್ಷಿಗೆ ಹೇಳಿಲ್ಲ. ಹೇಳಲು ಬಾಯಿ ಬರುತ್ತಿಲ್ಲ. ಕುರಿ ಹೊಡೆದುಕೊಂಡು ಮುತ್ಯಾ ಲಾತೂರಿನ ಕಡೆ ಹೋಗಿದ್ದಾನೆ, ಬರುವುದು ತಡ ಎಂದಿದ್ದೇನೆ.

ಒಂದು ಮಾತು ಕೇಳಿಕೊಳ್ಳುತ್ತೇನೆ. ನೀವು ಮಾವನವರ ಕೈಯಲ್ಲಿ ಅವಳಿಗೆ ಕಳಿಸುತ್ತಿದ್ದ ಸಾಮಾನು, ಆ ಕೆಂಪು ಚಪ್ಪಲಿ, ರೇನ್‌ಕೋಟು, ಬಣ್ಣದ ಪೆನ್ಸಿಲು, ಇವುಗಳ ಬಗ್ಗೆ ನಾನು ಒಮ್ಮೆಯೂ ನಿಮಗೆ ಒಳ್ಳೆಯ ಮಾತು ಹೇಳಿ ಕಳಿಸಲಿಲ್ಲ. ಅವಳು ಮಾತ್ರ "ಅಪ್ಪ ಕಳಿಸ್ಯಾನ" ಎಂದು ಓಣಿಗೆಲ್ಲ ತೋರಿಸಿ ಬರುತ್ತಿದ್ದಳು. ಮಾವನವರು ಇಲ್ಲವೆಂದು ಅದನ್ನು ನಿಲ್ಲಿಸಬೇಡಿ. ಏನಾದರೂ ಸಣ್ಣದು, ಅಂಚೆಯಲ್ಲಿ ಕಳಿಸಿದರೂ ಸಾಕು.

ಅತ್ತೆಯವರನ್ನು ನೋಡಿಕೊಳ್ಳಿ.

ಸೋನಾಲಿ


ಮುಡಬಿ
28 ಜುಲೈ 2024

ಸೋನಾಲಿ,

'ನೀವು' ಎಂದು ಬರೆದರೆ ಕೋರ್ಟಿನ ನೋಟೀಸಿನ ಹಾಗೆ ಕಾಣುತ್ತದೆ. 'ನೀನು' ಎಂದೇ ಬರೆಯುತ್ತೇನೆ. ಬೇಡವೆನಿಸಿದರೆ ಹೇಳು.

ನಿನ್ನ ಕಾಗದವನ್ನು ಅವ್ವನಿಗೆ ಓದಿ ಹೇಳಿದೆ. ಚಪ್ಪಲಿಯ ಮಾತು ಬಂದಲ್ಲಿ ನಿಲ್ಲಿಸಿದೆ. ಅವ್ವ, "ಯಾಕ ನಿಂತಿ, ಓದು" ಎಂದಳು. ಮುಂದೆ ಓದಲು ಆಗಲಿಲ್ಲ.

ನಾನು ಏನೂ ಕಳಿಸಿಲ್ಲ ಸೋನಾಲಿ. ಮೂರು ವರ್ಷದಲ್ಲಿ ಒಂದು ಚಾಕಲೇಟನ್ನೂ ಕಳಿಸಿಲ್ಲ. ಚಪ್ಪಲಿ ಯಾವ ಬಣ್ಣದ್ದೆಂದು ನಿನ್ನ ಕಾಗದದಿಂದ ತಿಳಿಯಿತು. ಅವ್ವನನ್ನು ಕೇಳಿದರೆ, "ನನಗ ಗೊತ್ತಿತ್ತು. ಕೂಸಿನ ಕಾಲ ಅಳತಿ ದಾರದಾಗ ತಂದಿದ್ದ. ನಿನಗ ಹೇಳಬ್ಯಾಡ ಅಂದಿದ್ದ" ಎಂದಳು.

ಅಪ್ಪ ನನಗೂ ಒಂದು ಮಾತು ತರುತ್ತಿದ್ದ. ಪ್ರತಿ ಶನಿವಾರ ಸಂಜೆ ಮನೆಗೆ ಬಂದು ರುಮಾಲು ಬಿಚ್ಚುತ್ತಾ, "ಸಂಜ್ಯಾ, ಕೂಸ ನಿನ್ನ ಕೇಳಾಕತ್ತಿತ್ತು ನೋಡು. ಅಪ್ಪ ಯಾಕ ಬರಲ್ಲ ಅಂತು" ಎನ್ನುತ್ತಿದ್ದ. ನಾನು ಕೇಳಿಸದವನಂತೆ ಕುರಿಗಳ ಕಡೆ ಎದ್ದು ಹೋಗುತ್ತಿದ್ದೆ. ಆದರೆ ಶನಿವಾರ ಸಂಜೆ ಮನೆ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ. ಆ ಮಾತು ಕೇಳುವುದಕ್ಕೇ ಕೂತಿರುತ್ತಿದ್ದೆ. ನಿಜಕ್ಕೂ ಅವಳು ಕೇಳುತ್ತಿದ್ದಳೇನು? ನಿಜ ಬರಿ. ಇಲ್ಲವೆಂದರೆ ಇಲ್ಲವೆಂದೇ ಬರಿ.

ನನ್ನ ಮೊದಲ ಕಾಗದದಲ್ಲಿ ಅರ್ಧ ಮಾತು ಬರೆದೆ. ಉಳಿದರ್ಧ ಈಗ ಬರೆಯುತ್ತೇನೆ. ನೀನು ಬೈದದ್ದನ್ನು ಅಪ್ಪ ಅವ್ವನಿಗೆ ಹೇಳಿದಾಗ ನಾನು ಸಿಟ್ಟಿಗೆದ್ದೆ. ಅವನು ನನ್ನನ್ನೇ ಗದರಿದ. "ಅಕಿದೇನೂ ತಪ್ಪಿಲ್ಲ. ಕೂಸ ಕಾಣಲಿಲ್ಲಂದ್ರ ತಾಯಿ ಜೀವ ಹ್ಯಾಂಗಾಗಿರಬೇಕು. ಬೈದಾಳ, ನಾಕ ದಿನದಾಗ ಅಕಿನೇ ಕರಸ್ತಾಳ" ಎಂದ. ನೀನು ಕರೆಸುತ್ತೀ ಎಂದೇ ಅವನು ನಂಬಿದ್ದ. ಅವನು ಉಣ್ಣದೆ ಕೂತದ್ದು ನಿನ್ನಿಂದಲ್ಲ. ಅದು ನನ್ನಿಂದ.

ಆ ಶನಿವಾರ ನಾನು ಕುರಿದೊಡ್ಡಿಯ ಬೇಲಿ ಕಟ್ಟುತ್ತಿದ್ದೆ. ಷೇರ್ ಆಟೋದಿಂದ ಅಪ್ಪ ಇಳಿದ. ಹಿಂದೆ ಯೂನಿಫಾರಂ ಹಾಕಿದ ಹುಡುಗಿಯೊಬ್ಬಳು ಇಳಿದಳು. ಗುರುತು ಹಿಡಿಯಲು ಒಂದು ಗಳಿಗೆ ಬೇಕಾಯಿತು, ಅಷ್ಟು ಎತ್ತರ ಬೆಳೆದಿದ್ದಾಳೆ. ನಾನು ಕೈಯಲ್ಲಿದ್ದ ಹಗ್ಗ ಅಲ್ಲೇ ಬಿಟ್ಟು ಹೊಲಕ್ಕೆ ನಡೆದು, ಬಾವಿಯ ಹತ್ತಿರದ ಮೋಟರ್ ಕೋಣೆಯ ಹಿಂದೆ ಕೂತೆ. ಅಪ್ಪ ಅಲ್ಲಿಯವರೆಗೂ ಬಂದ. "ಸಂಜ್ಯಾ, ಕೂಸ ಬಂದದ, ಒಂದೀಟ ಮಾರಿ ತೋರ್ಸು" ಎಂದು ಕೂಗಿದ. ಅವಳು, "ಅಪ್ಪ ಇಲ್ಲೇನು ಮುತ್ಯಾ?" ಎಂದಳು. "ದೂರ ಹೋಗ್ಯಾನ ಅನ್ಸ್ತದವ್ವ" ಎಂದ ಅಪ್ಪ. ನನ್ನ ಚಪ್ಪಲಿಗಳು ಬಾವಿಯ ಕಟ್ಟೆಯ ಮೇಲೇ ಇದ್ದವು. ಅವನು ನೋಡಿರಲೇಬೇಕು.

ಯಾಕೆ ಬಚ್ಚಿಟ್ಟುಕೊಂಡೆ ಎಂದು ಕೇಳಿದರೆ ಒಂದೇ ಉತ್ತರ. ಅವಳ ಕಣ್ಣೆದುರಿಗೇ ನಾನು ನಿನ್ನ ಮೇಲೆ ಕೈ ಮಾಡಿದ್ದೆ. ಬಾಗಿಲ ಚೌಕಟ್ಟು ಹಿಡಿದು ನಿಂತು ಆಗ ಅವಳು ನೋಡಿದ ನೋಟವನ್ನು ಇನ್ನೊಮ್ಮೆ ನೋಡುವ ಧೈರ್ಯ ನನಗಿಲ್ಲ.

ಅಪ್ಪ ನನ್ನನ್ನು ಹೀಗೆ ಬೆಳೆಸಿರಲಿಲ್ಲ. ಹತ್ತನೆಯ ತರಗತಿಯ ಪರೀಕ್ಷೆಗೆ ನಾನು ಬಸವಕಲ್ಯಾಣದಲ್ಲಿ ಉಳಿಯಬೇಕಾಗಿತ್ತು. ಇಡೀ ಕುರಿಹಿಂಡನ್ನು ಹೊಡೆದುಕೊಂಡು ಅವನೂ ಬಂದು ಊರ ಹೊರಗಿನ ಹೊಲವೊಂದರಲ್ಲಿ ಬೀಡುಬಿಟ್ಟ. ನನಗೆ ಹೋಟೆಲಿನ ಊಟ ಒಗ್ಗುವುದಿಲ್ಲವಂತೆ. ಪರೀಕ್ಷೆ ಮುಗಿಸಿ ಹೊರಗೆ ಬಂದರೆ ರಸ್ತೆ ತುಂಬ ಕುರಿ, ಅವುಗಳ ನಡುವೆ ರೊಟ್ಟಿಯ ಗಂಟು ಹಿಡಿದ ಅಪ್ಪ. ಮೇಷ್ಟರೊಬ್ಬರು, "ಏನಪ್ಪಾ, ಕುರಿಗೂ ಪರೀಕ್ಷೆ ಅದಾವೇನು?" ಎಂದರೆ, "ಇಲ್ರಿ ಸರ್, ಅವು ನನ್ನಂಗ, ಓದಿಲ್ಲ" ಎಂದಿದ್ದ. ಅಂಥವನ ಮಗ ನಾನು.

ಸಂಜು


ಹುಮನಾಬಾದ್
11 ಆಗಸ್ಟ್ 2024

ಸಾಕ್ಷಿಯ ಅಪ್ಪನಿಗೆ,

ನಿಮ್ಮ ಕಾಗದ ಓದಿ ಮೊದಲು ಹರಿಯಬೇಕೆನಿಸಿತು. ಹರಿಯಲಿಲ್ಲ. ಮೊದಲ ಕಾಗದದ ಜೊತೆ ಅಡುಗೆಮನೆಯ ಹಲಗೆಯ ಮೇಲೆ, ಅವಳ ಕೈಗೆ ಸಿಗದಂತೆ ಇಟ್ಟಿದ್ದೇನೆ.

ನೀವು ನಿಜ ಕೇಳಿದಿರಿ. ಅವಳು ನಿಮ್ಮನ್ನು ಕೇಳುತ್ತಿರಲಿಲ್ಲ. ಮೊದಲ ವರ್ಷ ಕೇಳಿದಳು. ಆಮೇಲೆ ಬಿಟ್ಟಳು. ಸಾಮಾನು ಬಂದಾಗ ಖುಷಿಪಡುತ್ತಿದ್ದಳು, ಎರಡು ದಿನ ನಿಮ್ಮ ಹೆಸರು ಹೇಳುತ್ತಿದ್ದಳು, ಅಷ್ಟೇ. ಬರುವುದಿಲ್ಲವೇಕೆ ಎಂಬ ಮಾತು ಅವಳ ಬಾಯಿಂದ ನಾನು ಕೇಳಿಲ್ಲ. ಮಾವನವರು ನಿಮಗೂ ಸುಳ್ಳು ಹೇಳಿದ್ದಾರೆ. ಅವಳಿಗೆ ಅಪ್ಪನನ್ನೂ ನಿಮಗೆ ಮಗಳನ್ನೂ ಅವರೇ ಮಾಡಿ ಮಾಡಿ ಕೊಡುತ್ತಿದ್ದರು.

ನನಗೂ ಹೇಳುತ್ತಿದ್ದರು. "ಸಂಜು ಮೊದಲಿನಂಗಿಲ್ಲವ್ವ, ಭಾಳ ತಣ್ಣಗಾಗ್ಯಾನ." ಅದು ಸುಳ್ಳೋ ನಿಜವೋ ಗೊತ್ತಿಲ್ಲ. ಆ ಮಾತು ಬಂದಾಗಲೆಲ್ಲ ನಾನು ಎದ್ದು ಬೇರೆ ಕೆಲಸ ಹಿಡಿಯುತ್ತಿದ್ದೆ. ಅವರು ಮಾತು ನಿಲ್ಲಿಸಿ, ಅಕ್ಕಿ ಮೊರ ಕೊಡು, ಆರಿಸುತ್ತೇನೆ ಎನ್ನುತ್ತಿದ್ದರು.

ಈಗ ಸಾಕ್ಷಿ ದಿನಾ ಕೇಳುತ್ತಾಳೆ, ಮುತ್ಯಾನನ್ನು. ಲಾತೂರ್ ಎಷ್ಟು ದೂರ, ಅಲ್ಲಿ ಮಳೆ ಬಂದರೆ ಎಲ್ಲಿ ಮಲಗುತ್ತಾನೆ, ಅವನಿಗೆ ರೊಟ್ಟಿ ಮಾಡುವವರು ಯಾರು. ನಾನು ಒಂದಕ್ಕೊಂದು ಕಟ್ಟಿ ಹೇಳುತ್ತಿದ್ದೇನೆ. ಹೇಳಿದ್ದು ನೆನಪಿಟ್ಟುಕೊಳ್ಳಬೇಕು, ಇಲ್ಲವಾದರೆ ಸಿಕ್ಕಿಬೀಳುತ್ತೇನೆ. ಇದು ಹೀಗೇ ನಡೆಯುವುದಿಲ್ಲ.

ನೀವು ಬನ್ನಿ. ಅವರು ನಿಮ್ಮ ಅಪ್ಪ, ನೀವೇ ಹೇಳಬೇಕು. ನನ್ನಿಂದ ಆಗದು. ನಾನು ಬೈದದ್ದನ್ನು ಅವಳು ನೋಡಿದ್ದಾಳೆ, ನನ್ನ ಬಾಯಿಂದಲೇ ಈ ಸುದ್ದಿ ಕೇಳಿದರೆ ಅವಳು ನನ್ನನ್ನು ಹೇಗೆ ನೋಡಬಹುದು. ಇಪ್ಪತ್ತೈದನೇ ತಾರೀಕು ಭಾನುವಾರ, ನನಗೆ ರಜೆ. ಬರುತ್ತೀರೆಂದು ಅವಳಿಗೆ ಹೇಳಿದ್ದೇನೆ.

ಸೋನಾಲಿ


ಹುಮನಾಬಾದ್
26 ಆಗಸ್ಟ್ 2024

ಸಂಜುಕುಮಾರ ಅವರಿಗೆ,

ನೀವು ಬರಲಿಲ್ಲ. ಅವಳು ಹೊಸ ಫ್ರಾಕು ಹಾಕಿಕೊಂಡು ಸಂಜೆಯವರೆಗೂ ಬಾಗಿಲಲ್ಲಿ ಕೂತಿದ್ದಳು. ರಾತ್ರಿ ಉಣ್ಣುವಾಗ, "ಅಪ್ಪಗ ಕೆಲಸ ಬಂದಿರಬೇಕು" ಎಂದು ನನಗೇ ಸಮಾಧಾನ ಹೇಳಿದಳು.

ಸೋನಾಲಿ


ಮುಡಬಿ
5 ಸೆಪ್ಟೆಂಬರ್ 2024

ಸೋನಾಲಿ,

ನಾನು ಬಂದಿದ್ದೆ. ಬಸ್ ಇಳಿದು ನಿಮ್ಮ ಓಣಿಯ ಬಾಯಿಯವರೆಗೂ ಬಂದೆ. ಹಿಟ್ಟಿನ ಗಿರಣಿಯ ಪಕ್ಕದಲ್ಲಿ ನಿಂತು ನೋಡಿದರೆ ಅವಳು ಬಾಗಿಲಲ್ಲಿ ಕೂತಿದ್ದಳು, ಹಳದಿ ಫ್ರಾಕು. ಆ ಮುಖಕ್ಕೆ ನಾನು ಈ ಸುದ್ದಿ ಹೇಳಬೇಕಿತ್ತು. ಮೂರು ವರ್ಷದ ಮೇಲೆ ಬಂದ ಅಪ್ಪ, ಬಂದವನೇ ನಿನ್ನ ಮುತ್ಯಾ ಸತ್ತ ಎನ್ನಬೇಕು. ಗಿರಣಿಯವನು, "ಏನ್ ಬೇಕ್ರಿ?" ಎಂದು ಕೇಳಿದ. ಏನೂ ಇಲ್ಲವೆಂದು ತಿರುಗಿ ನಡೆದೆ.

ಮನೆಗೆ ಬಂದು ಅವ್ವನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಬೈಯಲಿಲ್ಲ. ತಾಟು ಮುಂದಿಟ್ಟು, "ನಿಮ್ಮಪ್ಪಗ ಮೊಣಕಾಲ ಬ್ಯಾನಿ ಇತ್ತು. ಆದ್ರ ಒಂದ ಶನಿವಾರ ತಪ್ಪಿಸಿಲ್ಲ" ಎಂದಳು. ತಾಟು ಹಾಗೇ ಸರಿಸಿ ಎದ್ದೆ.

ನೀನು ಏನು ಬೇಕಾದರೂ ಬರಿ, ನಾನು ಓದುತ್ತೇನೆ.

ಸಂಜು


ಹುಮನಾಬಾದ್
19 ಸೆಪ್ಟೆಂಬರ್ 2024

ಸಾಕ್ಷಿಯ ಅಪ್ಪನಿಗೆ,

ಇನ್ನು ನೀವು ಹೇಳಬೇಕಾದದ್ದಿಲ್ಲ. ಸಾಕ್ಷಿಗೆ ಗೊತ್ತಾಗಿದೆ.

ಕಳೆದ ಶುಕ್ರವಾರ ಶಾಲೆ ಬಿಟ್ಟ ಮೇಲೆ ಅವಳೇ ಹೋಗಿ ಗಯಾಸುದ್ದೀನ್ ಚಾಚಾನನ್ನು ಕೇಳಿದ್ದಾಳೆ, ಲಾತೂರಿಗೆ ಯಾವ ಬಸ್ಸು ಹೋಗುತ್ತದೆ ಎಂದು. ಯಾಕೆ ಬೇಟಾ ಎಂದರೆ, ನಮ್ಮ ಮುತ್ಯಾ ಅಲ್ಲಿದ್ದಾನೆ ಎಂದಿದ್ದಾಳೆ. ಕೇಶರಬಾಯಿಯಿಂದ ಅವನಿಗೆ ಸುದ್ದಿ ತಿಳಿದಿತ್ತು. ಇವಳಿಗೂ ಗೊತ್ತಿರಬೇಕು, ದುಃಖಕ್ಕೆ ಹೀಗೆ ಮಾತಾಡುತ್ತಿದ್ದಾಳೆ ಎಂದುಕೊಂಡು, "ಅವ್ರು ಅಲ್ಲಾನ ಕಡಿ ಹೋಗ್ಯಾರ ಬೇಟಾ, ಲಾತೂರದಾಗ ಸಿಗಂಗಿಲ್ಲ" ಎಂದುಬಿಟ್ಟಿದ್ದಾನೆ. ಮರುದಿನ ನನ್ನ ಹತ್ತಿರ ಬಂದು ಅತ್ತ. ಅವನದೇನು ತಪ್ಪು.

ಆದರೆ ಶುಕ್ರವಾರ ಮನೆಗೆ ಬಂದವಳು ನನ್ನ ಮುಂದೆ ಒಂದು ಮಾತೂ ಆಡಲಿಲ್ಲ. ಹೋಂವರ್ಕ್ ಮಾಡಿದಳು, ಉಂಡಳು. ಮಲಗುವಾಗ, "ಮಮ್ಮಿ, ಮುತ್ಯಾ ಲಾತೂರಿನಿಂದ ಯಾವಾಗ ಬರ್ತಾನ?" ಎಂದು ಕೇಳಿದಳು. "ದೀಪಾವಳಿಗಿ ಬರ್ತಾನ" ಎಂದೆ. "ಹೂಂ" ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಎಲ್ಲ ಗೊತ್ತಿದ್ದೇ ಕೇಳಿದ್ದಳು. ನಿಜ ಹೇಳಲು ನನಗೊಂದು ಅವಕಾಶ ಕೊಟ್ಟಿದ್ದಳು. ಅದು ನನಗೆ ತಿಳಿದದ್ದು ಮರುದಿನ ಚಾಚಾ ಬಂದಾಗ. ಅಂದಿನಿಂದ ಅವಳು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಾಳೆ. ಅಳುವುದಿಲ್ಲ. ಅತ್ತರೆ ಎತ್ತಿಕೊಳ್ಳಬಹುದಿತ್ತು. ಸಮಾಧಾನ ಹೇಳಲು ಹೋದರೆ, "ನೀ ಸುಳ್ಳ ಹೇಳ್ತಿ" ಎನ್ನುತ್ತಾಳೆ. ಹೌದೆನ್ನದೆ ಬೇರೆ ದಾರಿಯಿಲ್ಲ.

ನೀವು ಬನ್ನಿ ಎಂದು ಇನ್ನು ಕರೆಯುವುದಿಲ್ಲ. ಬಂದರೆ ಬನ್ನಿ. ಆದರೆ ಒಂದು ಕೇಳಿಕೊಳ್ಳುತ್ತೇನೆ. ಚಪ್ಪಲಿ, ಪೆನ್ಸಿಲಿನ ವಿಷಯ ಅವಳಿಗೆ ಎಂದಿಗೂ ಹೇಳಬೇಡಿ. ಅಪ್ಪ ನನ್ನನ್ನು ನೆನೆಯುತ್ತಿದ್ದ ಎಂಬುದೊಂದೇ ಈಗ ಅವಳ ಹತ್ತಿರ ಉಳಿದಿರುವುದು. ಮಾವನವರು ಅಷ್ಟು ಕಷ್ಟಪಟ್ಟು ಕಟ್ಟಿದ್ದು ಅದು.

ಸೋನಾಲಿ


ಮುಡಬಿ
29 ಸೆಪ್ಟೆಂಬರ್ 2024

ಸೋನಾಲಿ,

ನಿನ್ನೆ ನಾನು ಬಂದದ್ದು ನಿನಗೆ ಇಷ್ಟರಲ್ಲಿ ತಿಳಿದಿರುತ್ತದೆ. ಕೇಶರಬಾಯಿಯವರು ಹೇಳಿರುತ್ತಾರೆ. ಆದರೂ ಏನು ನಡೆಯಿತೆಂದು ನಾನೇ ಬರೆಯಬೇಕು, ಯಾಕೆಂದರೆ ನೀನು ಕೇಳಿಕೊಂಡದ್ದನ್ನು ನಡೆಸಲು ನನ್ನಿಂದ ಆಗಲಿಲ್ಲ.

ಶಾಲೆ ಬಿಡುವ ಹೊತ್ತಿಗೆ ಗೇಟಿಗೆ ಹೋದೆ. ಗಯಾಸುದ್ದೀನ್ ನನ್ನನ್ನು ನೋಡಿದವನೇ, "ದತ್ತಾತ್ರಿಯವರ ಮಗ ಅಲ್ರಿ ನೀವು? ಅವರಂಗೇ ನಡೀತೀರಿ" ಎಂದು ಸ್ಟೂಲು ಸರಿಸಿದ. ಕೂರಲು ಮನಸ್ಸಾಗಲಿಲ್ಲ. ಸಾಕ್ಷಿ ಬಂದಳು. ನನ್ನನ್ನು ನೋಡಿ ನಿಂತಳು. ಆಮೇಲೆ ನಡೆಯತೊಡಗಿದಳು. ನಾನು ಹಿಂದೆ ನಡೆದೆ. ಅವಳು ತಿರುಗಿ ನೋಡಲಿಲ್ಲ. ಆದರೆ ರಸ್ತೆ ದಾಟುವಲ್ಲಿ ನಾನು ಬರುವವರೆಗೆ ನಿಂತಳು.

ಕೇಶರಬಾಯಿಯವರ ಅಂಗಳದ ಕಟ್ಟೆಯ ಮೇಲೆ ಕೂತೆವು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಾಗಿಲು ಪೂರ್ತಿ ತೆರೆದಿಟ್ಟು ಒಳಗೆ ಹೋದರು.

"ಮುತ್ಯಾ ಸತ್ತಾನ. ನನಗ ಗೊತ್ತದ" ಎಂದಳು.

"ಹೌದವ್ವ. ನಾನೇ ಬಂದು ಹೇಳಬೇಕಾಗಿತ್ತು."

ಅವಳು ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತುತ್ತಾ ಕೂತಳು. ನನ್ನ ಮುಖ ನೋಡದೆ, "ನನ್ನಿಂದ ಸತ್ತ" ಎಂದಳು.

ನನಗೆ ತಿಳಿಯಲಿಲ್ಲ. ಏನವ್ವ ಎಂದೆ.

"ನಾನೇ ಹಟ ಮಾಡ್ದೆ, ಮುಡಬಿಗಿ ಹೋಗಿ ಕುರಿಮರಿ ನೋಡೋಣು ಅಂತ. ಮುತ್ಯಾ, ಮಮ್ಮಿಗಿ ಕೇಳಿ ಮುಂದಿನ ವಾರ ಹೋಗೋಣು ಅಂದ. ನಾ ರಸ್ತಾದಾಗ ಕುಂತೆ, ಏಳಲೇ ಇಲ್ಲ. ಅದಕ್ಕ ಕರಕೊಂಡ ಹೋದ. ಅದಕ್ಕ ಮಮ್ಮಿ ಬೈದ್ಲು. ಬೈದದ್ದಕ್ಕ ಮುತ್ಯಾ ಉಣ್ಣಲಿಲ್ಲ, ಸತ್ತ."

ಉಣ್ಣಲಿಲ್ಲ ಎಂಬುದು ಅವಳಿಗೆ ಹೇಗೆ ಗೊತ್ತು ಎಂದು ಕೇಳಿದೆ. ಅಡುಗೆಮನೆಯ ಹಲಗೆ, ಡಬ್ಬಿ ಮೇಲೆ ಹತ್ತಿದರೆ ಅವಳ ಕೈಗೆ ಸಿಗುತ್ತದೆ ಸೋನಾಲಿ. ಅಲ್ಲಿದ್ದ ನನ್ನ ಮೊದಲ ಕಾಗದವನ್ನು, ಅರ್ಧ ಮಾತು ಬರೆದಿದ್ದ ಆ ಕಾಗದವನ್ನು, ಚಾಚಾ ಹೇಳಿದ ದಿನವೇ ಹುಡುಕಿ ಓದಿದ್ದಾಳೆ. ಎರಡನೆಯದರ ಅಕ್ಷರ ಗಿಜಿಬಿಜಿ, ಬಿಡಿಸಲಾಗಲಿಲ್ಲವಂತೆ.

ನಾವಿಬ್ಬರೂ ಯಾರ ತಪ್ಪು ಹೆಚ್ಚೆಂದು ಕಾಗದ ಬರೆದುಕೊಳ್ಳುತ್ತಿದ್ದೆವು. ಎಂಟು ವರ್ಷದ ಕೂಸು ಆ ತಪ್ಪನ್ನೆಲ್ಲ ತನ್ನ ತಲೆಯ ಮೇಲೆ ಹೊತ್ತುಕೊಂಡು ಶಾಲೆಗೆ ಹೋಗಿ ಬರುತ್ತಿತ್ತು.

ಹೀಗಾಗಿ ಎಲ್ಲ ಹೇಳಿದೆ. "ನೀ ಬಂದಾಗ ನಾ ಊರಾಗೇ ಇದ್ದೆ. ನಿನ್ನ ನೋಡ್ದೆ. ಮೋಟರ್ ಖೋಲಿ ಹಿಂದ ಅಡಗಿ ಕುಂತೆ. ಮುತ್ಯಾಗ ಅದು ಗೊತ್ತಾಯ್ತು. ಅವ ಉಣ್ಣಲಾರದ್ದು ಅದಕ್ಕ. ಸತ್ತದ್ದು ಮಳಿಗಿ ತೊಯ್ದು ಜ್ವರ ಬಂದು. ನಾ ಲಗೂನ ದವಾಖಾನಿಗಿ ಒಯ್ಲಿಲ್ಲ. ನಿಂದಲ್ಲ ತಪ್ಪು. ಮಮ್ಮಿದೂ ಅಲ್ಲ. ಅಕಿದೇನೂ ತಪ್ಪಿಲ್ಲಂತ ಮುತ್ಯಾನೇ ಅಂದಾನ."

ಆಗ ಅವಳು ನನ್ನ ಮುಖ ನೋಡಿದಳು. ಅದೇ ನೋಟ. ಈ ಸಲ ನಾನು ಕಣ್ಣು ತಪ್ಪಿಸಲಿಲ್ಲ.

"ಅಡಗಿದ್ದಿ?"

"ಹೌದು."

"ಮತ್ತ ಚಪ್ಪಲ್ ಯಾಕ ಕಳಿಸಿದ್ದಿ?"

ನಿನ್ನ ಮಾತು ನೆನಪಿತ್ತು. ಸುಮ್ಮನಿದ್ದರೆ ಸಾಕಿತ್ತು, ಅವಳು ಹೌದೆಂದುಕೊಳ್ಳುತ್ತಿದ್ದಳು. ಆದರೆ ಅಪ್ಪ ಬಿಸಿಲಲ್ಲಿ ಅಂಗಡಿ ಸುತ್ತಿ ಹುಡುಕಿ ತಂದದ್ದನ್ನು, ಅವನು ಮಣ್ಣಿಗೆ ಹೋದ ಮೇಲೂ ನಾನು ನನ್ನದೆಂದು ಇಟ್ಟುಕೊಳ್ಳುವುದೇ? ಅವಳನ್ನು ಯಾರು ಅಷ್ಟು ನೆನೆಯುತ್ತಿದ್ದರೆಂದು ಅವಳಿಗೆ ಎಂದೂ ತಿಳಿಯದೇ ಹೋಗುತ್ತಿತ್ತು.

"ನಾ ಕಳ್ಸಿಲ್ಲ. ಮುತ್ಯಾನೇ ತಂದದ್ದು" ಎಂದೆ.

"ರೇನ್‌ಕೋಟ್?"

"ಮುತ್ಯಾ."

"ಬಣ್ಣದ ಪೆನ್ಸಿಲ್?"

"ಅದೂ ಮುತ್ಯಾ."

"ಹಂಗಾರ ನೀ ಏನ್ ಮಾಡ್ದಿ?"

"ನಾ ಏನೂ ಮಾಡಿಲ್ಲವ್ವ."

ಅವಳು ಎದ್ದು ನಿಮ್ಮ ಮನೆಯೊಳಗೆ ಹೋಗಿ ಬಾಗಿಲ ಚಿಲಕ ಹಾಕಿಕೊಂಡಳು. ಕೇಶರಬಾಯಿ ಹೊರಗೆ ಬಂದು, "ಈಗ ಹೋಗ್ರಿ, ಸೋನಾಲಿ ಬರೋತನಕ ನಾ ನೋಡ್ಕೋತೀನಿ" ಎಂದರು. ಬಂದೆ.

ನೀನು ಕಾಪಾಡು ಎಂದದ್ದನ್ನು ಕೆಡಿಸಿದ್ದೇನೆ. ಅವಳಿಗೆ ಈಗ ಅಪ್ಪ ಇಲ್ಲ. ಆದರೆ ಮುತ್ಯಾ ಪೂರ್ತಿ ಇದ್ದಾನೆ. ಬೈಯುವುದಿದ್ದರೆ ನನ್ನನ್ನು ಬೈ. ಅವಳನ್ನು ಮಾತ್ರ ಒಬ್ಬಳೇ ಬಿಡಬೇಡ.

ಸಂಜು


ಹುಮನಾಬಾದ್
3 ಅಕ್ಟೋಬರ್ 2024

ಸಂಜು ಅವರಿಗೆ,

ಶನಿವಾರ ನಾನು ಬಂದಾಗ ಚಿಲಕ ಹಾಕಿಯೇ ಇತ್ತು. ಕರೆದೆ. ತೆರೆದಳು. ನಾನು ಚೀಲ ಇಳಿಸುವ ಮೊದಲೇ, "ನೀ ಬೈದದ್ದಕ್ಕ ಸತ್ತಿಲ್ಲಂತ ಮಮ್ಮಿ. ಮಳಿಗಿ ತೊಯ್ದು ಸತ್ತಾನಂತ. ನನ್ನಿಂದನೂ ಅಲ್ಲಂತ" ಎಂದಳು. ಅಷ್ಟು ಹೇಳಿ ಅತ್ತಳು. ಈ ಸುದ್ದಿ ತಿಳಿದ ಮೇಲೆ ಮೊದಲ ಸಲ ಅತ್ತಳು. ಬಿಕ್ಕಿ ಬಿಕ್ಕಿ ವಾಂತಿಯಾಗುವವರೆಗೂ ಅತ್ತಳು. ಎತ್ತಿಕೊಂಡು ಕೂತೆ. ನನ್ನ ಬಾಯಿಗೆ ಬಂದ ಸಮಾಧಾನದ ಮಾತುಗಳೆಲ್ಲ ಸುಳ್ಳಿನ ಹಾಗೆ ಕಂಡವು. ನಾನೂ ಅತ್ತೆ.

ಅವಳು ಹಾಗೆ ಹೇಳಿದ ಮಾತ್ರಕ್ಕೆ ನನ್ನ ಮನಸ್ಸು ಹಗುರಾಗಿಲ್ಲ. "ಅಕಿನೇ ಕರಸ್ತಾಳ" ಎಂದು ಮಾವನವರು ನಂಬಿ ಕಾದದ್ದನ್ನು ನೀವು ಬರೆದ ಮೇಲೆ ನನಗೆ ಸರಿಯಾಗಿ ನಿದ್ದೆಯಿಲ್ಲ. ಕರೆಸಲು ಒಂದು ಫೋನ್ ಸಾಕಿತ್ತು. ಇದು ನನ್ನ ಜೊತೆಗೇ ಇರುತ್ತದೆ. ನಿಮ್ಮದೂ ನಿಮ್ಮ ಜೊತೆ ಇರುತ್ತದೆ. ಅವಳ ತಲೆಯಿಂದ ಅದು ಇಳಿಯಿತಲ್ಲ, ಅದಕ್ಕೆ ನಿಮಗೆ ಋಣಿ. ಇದನ್ನು ಬರೆಯಲು ನನಗೆ ಸುಲಭವಾಗಲಿಲ್ಲ.

ಚಪ್ಪಲಿಯ ವಿಷಯದಲ್ಲಿ ಎರಡು ದಿನ ನಿಮ್ಮ ಮೇಲೆ ಸಿಟ್ಟಿತ್ತು. ನಿನ್ನೆ ಅಮಾವಾಸ್ಯೆ. ನಾನು ಮಾವನವರ ಹೆಸರಿನಲ್ಲಿ ಎಡೆ ಬಡಿಸುತ್ತಿದ್ದಾಗ ಅವಳು ಬಂದು, ಮುತ್ಯಾಗೆ ಸಜ್ಜಿರೊಟ್ಟಿ ಇಷ್ಟ, ಹೋಳಿಗೆ ಅಲ್ಲ ಎಂದಳು. ನನಗೆ ಗೊತ್ತಿರಲಿಲ್ಲ. ಕೇಶರಬಾಯಿಯವರ ಮನೆಯಿಂದ ಸಜ್ಜಿ ಹಿಟ್ಟು ತಂದು, ಅವಳೇ ಪಕ್ಕದಲ್ಲಿ ಕೂತು ತಟ್ಟಿಸಿದಳು. ಮುತ್ಯಾನ ಬಗ್ಗೆ ಒಂದೊಂದೇ ಹೇಳುತ್ತಾ ಹೋದಳು. ಮೂರು ವರ್ಷ ನಮ್ಮ ಮನೆಗೆ ಬಂದುಹೋದ ಮನುಷ್ಯನ ಬಗ್ಗೆ ಇಷ್ಟೆಲ್ಲ ನಾನು ಕೇಳಿದ್ದು ನಿನ್ನೆಯೇ.

ಕೈ ತೊಳೆಯುವಾಗ, "ಅಪ್ಪ ಮತ್ತ ಬರ್ತಾನೇನು?" ಎಂದು ಕೇಳಿದಳು. ಬರ್ತಾನೆ ಎನ್ನುವುದು ಬಾಯಿಯ ತುದಿಗೆ ಬಂದಿತ್ತು. ತಡೆದುಕೊಂಡು, "ಗೊತ್ತಿಲ್ಲವ್ವ" ಎಂದೆ.

ಭಾನುವಾರ ನನಗೆ ರಜೆ. ಬೆಳಗಿನಿಂದ ಮನೆಯಲ್ಲೇ ಇರುತ್ತೇವೆ. ಅತ್ತೆಯವರಿಗೆ ಬಸ್ಸಿನಲ್ಲಿ ಕೂರಲು ಆಗುವುದಾದರೆ ಕರೆದುಕೊಂಡು ಬನ್ನಿ. ನಮ್ಮ ನಡುವಿನದು ಇದರಿಂದ ಸರಿಹೋಗುತ್ತದೆಂದು ನಾನು ಬರೆಯುತ್ತಿಲ್ಲ, ನೀವೂ ಹಾಗೆ ಓದಿಕೊಳ್ಳಬೇಡಿ. ಅವಳು ಹೇಳಿದ್ದನ್ನಷ್ಟೇ ತಿಳಿಸುತ್ತಿದ್ದೇನೆ. ನನ್ನ ಉತ್ತರ ಕೇಳಿ ತಂಬಿಗೆ ಕೆಳಗಿಟ್ಟಳು. ಆಮೇಲೆ, "ಬಂದ್ರ ನಾ ಮಾತಾಡಂಗಿಲ್ಲ" ಎಂದಳು. ಟವೆಲಿಗೆ ಕೈ ಒರೆಸಿಕೊಂಡು ಹೊರಟವಳು ಬಾಗಿಲಲ್ಲಿ ನಿಂತು, "ಆದ್ರ ಬರಲಿ" ಎಂದಳು.

ಸೋನಾಲಿ